ಮುಖಪುಟದ ಅರ್ಧ ಕತ್ತಲನ್ನು ಕುರಿತು

ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗದ ಮಾನ್ಯ ನಿರ್ದೇಶಕರೇ,

ನನ್ನ ಮಗಳ ಪುಸ್ತಕದ ಮುಖಪುಟದಲ್ಲಿ ಅವಳ ಅರ್ಧ ಮುಖಕ್ಕೆ ನೀವು ಕಪ್ಪು ಬಳಿಸಿದ್ದೀರಿ. ಅದನ್ನು ತೆಗೆಸಿ ಎಂದು ನಿಮ್ಮ ಕಚೇರಿಗೆ ಬಂದು ಕೇಳಿದೆ, ಆಗಲಿಲ್ಲ. ಆದ್ದರಿಂದ ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನಕ್ಕೆ ಕೇಳಿಸುವಂತೆ ಕೇಳುತ್ತಿದ್ದೇನೆ.

ನನ್ನ ಪತ್ನಿಯದು ಒಂದು ಜನಾಂಗ, ನನ್ನದು ಇನ್ನೊಂದು. ನಮ್ಮಿಬ್ಬರನ್ನು ಜೊತೆಯಲ್ಲಿ ಕಂಡವರು ಇಂದಿಗೂ ಒಮ್ಮೆ ಹಿಂತಿರುಗಿ ನೋಡುತ್ತಾರೆ. ನಮ್ಮ ಒಬ್ಬಳೇ ಮಗಳು, ವಾದಕ್ಕಿಳಿದರೆ ಬಿಡದವಳೆಂದು ಮನೆಮಂದಿಯ ಬಾಯಲ್ಲಿ ವಕೀಲಮ್ಮ, ಮಿಶ್ರ ಜನಾಂಗದವರನ್ನು ಚರಿತ್ರೆಯೂ ಸಿನಿಮಾವೂ ಹೇಗೆ ಕಂಡಿವೆ ಎಂಬುದರ ಮೇಲೆ ನಿಮ್ಮಲ್ಲಿಯೇ ಸಂಶೋಧನೆ ನಡೆಸಿದಳು. ಪದವಿ ಕೈಗೆ ಬರುವ ಮೊದಲೇ ಮೆದುಳು ಜ್ವರ ಅವಳನ್ನು ಕೊಂಡೊಯ್ಯಿತು. ಆ ಪ್ರಬಂಧವನ್ನು ಪುಸ್ತಕವಾಗಿ ತರುತ್ತೇವೆಂದು ನೀವು ಮುಂದೆ ಬಂದಾಗ ನಾವಿಬ್ಬರೂ ಕೈಮುಗಿದೆವು. ಆ ಕೃತಜ್ಞತೆ ಸುಳ್ಳಲ್ಲ. ಅದಕ್ಕೇ ಈ ಪತ್ರ ಬರೆಯುವುದು ಇಷ್ಟು ಕಷ್ಟವಾಗಿದೆ.

ಅವಳ ಮೂರನೇ ಅಧ್ಯಾಯದ ವಾದವಿಷ್ಟು. ಹಳೆಯ ಚಿತ್ರಗಳಲ್ಲಿ ಬೆರಕೆ ಹುಡುಗಿ ಬಂದಳೆಂದರೆ ಲೈಟ್ ಹಿಡಿಯುವವನಿಗೆ ಒಂದೇ ಅಪ್ಪಣೆ: ಮುಖದ ಒಂದು ಮಗ್ಗುಲಿಗೆ ಬೆಳಕು, ಇನ್ನೊಂದಕ್ಕೆ ಕತ್ತಲು. ಆಕೆ ನಗುತ್ತಿರಲಿ, ತರಕಾರಿ ಕೊಳ್ಳುತ್ತಿರಲಿ, ನೆರಳು ತಪ್ಪುವುದಿಲ್ಲ. ಕೊನೆಗೆ ಸಾವು, ಏಕೆಂದರೆ ಅವಳನ್ನು ಯಾರ ಮನೆಗೆ ಕಳಿಸಬೇಕೆಂಬುದು ಕಥೆ ಬರೆದವನಿಗೇ ತಿಳಿಯದು. ಕೂದಲು, ತುಟಿ ನೋಡಿ ಮಕ್ಕಳನ್ನು ಈ ಕಡೆಗೊಂದು ಆ ಕಡೆಗೊಂದು ಹಂಚಿದ ಹಳೆಯ ಕಾಲದ ಜನಗಣತಿದಾರನದೂ ಲೈಟ್ ಹಿಡಿಯುವವನದೂ ಒಂದೇ ಕಸುಬು ಎಂದು ಅವಳು ಬರೆದಳು. ಅಂಥ ಚಿತ್ರ ಟಿವಿಯಲ್ಲಿ ಬಂದರೆ ಸೋಫಾದಿಂದಲೇ ಅವಳ ಕೂಗು: "ಅಪ್ಪಾ, ಬಂತು ನೋಡು ನೆರಳು! ಪಾಪ, ಇವಳೂ ಇಂಟರ್ವಲ್ ಆದ್ಮೇಲೆ ಜಾಸ್ತಿ ಹೊತ್ತು ಉಳಿಯಲ್ಲ."

ಅಡುಗೆಮನೆಯಿಂದ ಅವಳಮ್ಮ: "ಎದ್ದು ಒಂದು ಲೈಟ್ ಹಾಕ್ಬಾರದೇನೇ? ಬದುಕ್ಕೊಳ್ಳಲಿ."

ನಾನು ನಿಮಗೆ ಕೊಟ್ಟ ಫೋಟೋದಲ್ಲಿ ಅವಳು ತಾರಸಿಯ ಮೇಲೆ ಹೊದಿಕೆ ಒಣಹಾಕುತ್ತಿದ್ದಾಳೆ. ಬಟ್ಟೆಯ ಕ್ಲಿಪ್ಪು ಹಲ್ಲಿನ ನಡುವೆ, ಬಿಸಿಲಿಗೆ ಕಿರಿದಾದ ಕಣ್ಣು, ಆ ಕ್ಲಿಪ್ಪಿನ ಸುತ್ತಲೇ ನಗು. ನೆರಳಿಗೆ ಅಲ್ಲಿ ಜಾಗವಿರಲಿಲ್ಲ; ನೀವು ಮಾಡಿಕೊಟ್ಟಿರಿ. ಹೊದಿಕೆ ಮಾಯ, ಕ್ಲಿಪ್ಪು ಮಾಯ, ಮೂಗಿನಿಂದಾಚೆ ಕತ್ತಲು. ಸಾಲದ್ದಕ್ಕೆ ನಿಮ್ಮ ಮುನ್ನುಡಿ ಅವಳನ್ನು 'ಎರಡು ಲೋಕಗಳ ನಡುವೆ ನಲುಗಿದ ಜೀವ' ಎನ್ನುತ್ತದೆ. ಮಾನ್ಯರೇ, ಮೆದುಳು ಜ್ವರಕ್ಕೆ ಎಷ್ಟು ಲೋಕಗಳಿರುತ್ತವೆ? ಅವಳು ನಲುಗಿದ್ದನ್ನು ಕಂಡವರಾರು? ನಲುಗಿಸಲು ಬಂದವರು ಅವಳ ಪ್ರಶ್ನೆಗಳಿಗೆ ಬೆವರಿ ಎದ್ದುಹೋದದ್ದನ್ನು ಮಾತ್ರ ನಾನು ಕಂಡಿದ್ದೇನೆ.

ಮುಖಪುಟ ಮಾಡಿದ ನಿಮ್ಮ ಕಲಾವಿದರು ಸಜ್ಜನರು. ಕುರ್ಚಿ ಎಳೆದು ಕೂರಿಸಿದರು.

"ಸರ್, ಕವರ್ ನೋಡಿದ ತಕ್ಷಣ ಸಬ್ಜೆಕ್ಟ್ ಏನು ಅಂತ ಗೊತ್ತಾಗ್ಬೇಕಲ್ವಾ?"

"ಮೂರನೇ ಅಧ್ಯಾಯ ಓದಿದ್ರಾ?"

"ನಮಗೆ ಟೈಟಲ್ಲು, ಫೋಟೋ ಅಷ್ಟೇ ಕಳಿಸ್ತಾರೆ ಸರ್."

ಹಾಗಾದರೆ ಓದದೆ ಆದ ಪ್ರಮಾದ, ತಿದ್ದಬಹುದು ಎಂಬ ಧೈರ್ಯದಿಂದ ನಿಮ್ಮ ಕೋಣೆಗೆ ಬಂದೆ. ನೀವೋ ಕಣ್ಣು ಒದ್ದೆ ಮಾಡಿಕೊಂಡು ಹೇಳಿದಿರಿ: "ನಾನು ಓದಿದ್ದೀನಿ ಯಜಮಾನ್ರೇ. ಎಂಥಾ ಅಧ್ಯಾಯ! ಅದಕ್ಕೆ ಗೌರವ ಅಂತಲೇ ಈ ಕವರ್ ಒಪ್ಪಿದ್ದು. ಬೈಂಡಿಂಗೂ ಮುಗಿದುಹೋಯ್ತು. ಬಿಡುಗಡೆ ದಿನ ನೀವು ವೇದಿಕೆಗೆ ಬಂದು ಮೊದಲ ಪ್ರತಿ ತಗೊಳ್ಳಿ, ಅಷ್ಟೇ ಸಾಕು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಬೆಳಿಗ್ಗೆ ಪರವಾಗಿ ಗೆದ್ದ ವಿಷಯಕ್ಕೇ ಮಧ್ಯಾಹ್ನ ವಿರೋಧವಾಗಿ ನಿಂತು ಗೆದ್ದವನು. ಓದದೆ ಬಂದ ಎದುರಾಳಿಯನ್ನು ಮಣಿಸುವುದು ನನಗೆ ಗೊತ್ತು. ಓದಿ, ಮೆಚ್ಚಿ, ಮರುಗಿ, ಆ ಬಳಿಕ ಅದೇ ತಪ್ಪನ್ನು ಅವಳ ಮುಖದ ಮೇಲೆಯೇ ಮಾಡುವವರಿಗೆ ಏನು ಉತ್ತರ ಕೊಡಬೇಕೆಂದು ನನಗೆ ಯಾರೂ ಕಲಿಸಲಿಲ್ಲ. ನೀವು ತರಿಸಿದ ಕಾಫಿ ಕುಡಿದು ಎದ್ದು ಬಂದೆ.

ಮನೆಯಲ್ಲಿ ಅವಳ ತಾಯಿ ಆ ಮುಖಪುಟವನ್ನು ಊಟದ ಮೇಜಿನ ಮೇಲಿಟ್ಟುಕೊಂಡು ನೋಡಿದಳು. "ಕಪ್ಪು ಮಾಡಿರೋದು ನನ್ನ ಕಡೇನಾ, ನಿಮ್ಮ ಕಡೇನಾ?" ಎಂದು ಕೇಳಿದಳು. ನಾನು ಮುಖಪುಟವನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಮಗಳ ಮೂಗು ನನ್ನ ತಾಯಿಯದು, ಗದ್ದ ನನ್ನ ಪತ್ನಿಯ ಅಣ್ಣನದು. ಎರಡೂ ನಟ್ಟನಡುವೆಯೇ ಇವೆ.

ನನ್ನ ಬೇಡಿಕೆ ಇಷ್ಟೇ. ಅವಳ ಮುಖವನ್ನು ಪೂರ್ತಿಯಾಗಿ ಮುದ್ರಿಸಿ. ಆಗದಿದ್ದರೆ ಮುಖವನ್ನೇ ತೆಗೆಯಿರಿ, ಬರಿಯ ಹೆಸರು ಸಾಕು. ಎರಡೂ ಆಗುವುದಿಲ್ಲವೆಂಬುದು ಬರೆಯುವಾಗಲೇ ನನಗೆ ಗೊತ್ತಿದೆ. ನಾನು ಬಾರದಿದ್ದರೂ ಪುಸ್ತಕ ಬಿಡುಗಡೆಯಾಗುತ್ತದೆ, ಬಂದರೂ ಆಗುತ್ತದೆ. ಬರುತ್ತೇನೆ, ಒಳಗಿರುವುದು ಅವಳು ಬರೆದದ್ದಲ್ಲವೇ? ಅವಳ ತಾಯಿಯೂ ಬರುತ್ತಾಳೆ, ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂರುತ್ತಾಳೆ. ಕಪ್ಪು ಯಾರ ಕಡೆಯದೆಂಬ ಆ ಪ್ರಶ್ನೆಯನ್ನು ಅವಳು ನಿಮ್ಮನ್ನೂ ಕೇಳಬಹುದು. ದಯಮಾಡಿ ಉತ್ತರ ಸಿದ್ಧಪಡಿಸಿಕೊಂಡು ಬನ್ನಿ.

ಇಂತಿ,
ಈ ಚರ್ಚೆಯಲ್ಲಿ ಸೋತು, ಮೊದಲ ಪ್ರತಿಗೆ ಕೈಯೊಡ್ಡಲಿರುವ
ವಕೀಲಮ್ಮನ ಅಪ್ಪ