ಒಂಬತ್ತನೇ ಊರಿನ ಪತ್ರ

ರೈಲು ನಿಲ್ದಾಣದ ಹಿಂದಿನ ಮನೆ,
ಹದಿನಾಲ್ಕನೇ ತಾರೀಖು, ಗುರುವಾರ, ಬೆಳಿಗ್ಗೆ ಐದೂವರೆ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ನಿನ್ನ ಸೊಂಟದ ನೋವು ಈಗ ಹೇಗಿದೆ? ಅಧ್ಯಕ್ಷನಾದ ಮೇಲೆ ಕೂತಲ್ಲೇ ಕೂರುವುದು ಜಾಸ್ತಿಯಾಗಿರುತ್ತದೆ, ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕುತ್ತಿರು. ನಿನ್ನ ಮಗಳು ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಾಳೆ, ನಗುವುದಕ್ಕೆ ನಾಚಿಕೊಳ್ಳುತ್ತಾಳೆ ಎಂದು ಮಾವ ಹೇಳಿದರು. ನಿಮ್ಮಪ್ಪನಿಗೆ ಆ ವಯಸ್ಸಿನಲ್ಲಿ ಮುಂದಿನ ಹಲ್ಲೇ ಇರಲಿಲ್ಲ, ಆದರೂ ಒಂದು ದಿನ ಬಾಯಿ ಮುಚ್ಚಿದವನಲ್ಲ ಎಂದು ಅತ್ತೆ ಬರೆದಿದ್ದಾಳೆಂದು ಅವಳಿಗೆ ಹೇಳು. ನಿನ್ನ ಹೆಂಡತಿಗೂ ನನ್ನ ನೆನಪು ತಿಳಿಸು. ಇನ್ನು ನನ್ನ ವಿಷಯ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಹೋಯಿತು, ಅಭ್ಯಾಸಬಲ. ಚೆನ್ನಾಗಿಲ್ಲ.

ಊರಿಗೆಲ್ಲ ಫೋನಿರುವ ಕಾಲದಲ್ಲಿ ಅಕ್ಕ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಸೋಮವಾರದಿಂದ ಹದಿನೇಳು ಸಲ ಫೋನ್ ಮಾಡಿದ್ದೇನೆ. ಒಂದೇ ಒಂದು ಸಲ ನಿನ್ನ ಹೆಂಡತಿ ಎತ್ತಿಕೊಂಡು, "ಮೀಟಿಂಗಲ್ಲಿದಾರೆ ಅಕ್ಕಾ" ಎಂದಳು. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ನೀನು ಪಕ್ಕದಲ್ಲೇ ಕೆಮ್ಮಿದ್ದು ನನಗೆ ಕೇಳಿಸಿತು. ಇರಲಿ. ಇವತ್ತು ಹನ್ನೊಂದಕ್ಕೆ ನಿನ್ನ ಪುರಸಭೆ ಸೇರುತ್ತದೆ. ಸಂಜೆ ಐದಕ್ಕೆ ನಮ್ಮ ಆಫೀಸಿನಿಂದ ಕಡತ ಮೇಲಿನ ಕಚೇರಿಗೆ ಹೋಗುತ್ತದೆ. ಅದರಲ್ಲಿ ಒಂಬತ್ತು ಊರುಗಳ ಬೆಂಬಲ ಪತ್ರ ಇರಬೇಕು. ಎಂಟು ಇವೆ. ಇಲ್ಲದ ಒಂದು ನಿನ್ನದು.

ತಪ್ಪು ನನ್ನದು. ಮೊದಲು ಅದನ್ನೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇಕಾದರೆ ನೀನು ಬೈಯಬಹುದು. ರೈಲು, ಊರೂರಿನ ಬಸ್ಸು, ನಗರದ ಬಸ್ಸು, ಆಟೋ ಎಲ್ಲವೂ ಪೇಟೆಯ ನಡುವೆ ಒಂದೇ ಚಾವಣಿಯ ಕೆಳಗೆ ಬರಬೇಕು ಎಂಬ ಯೋಜನೆಯ ಕಾಗದಪತ್ರವೆಲ್ಲ ಈ ಎರಡು ವರ್ಷ ನನ್ನ ಮೇಜಿನ ಮೇಲೇ ಬೆಳೆದದ್ದು. ಸುತ್ತಲಿನ ಒಂಬತ್ತೂ ಊರಿನ ಬಸ್ಸುಗಳ ದಾರಿ ಬದಲಾಗುವುದರಿಂದ, ಒಂಬತ್ತೂ ಊರು ಹೂಂ ಎನ್ನದೆ ಒಂದು ಕಲ್ಲೂ ಅಲುಗಾಡುವುದಿಲ್ಲ ಎಂದು ಮೇಲಿನವರು ಖಂಡಿತವಾಗಿ ಹೇಳಿದ್ದರು. ನಾನು ಎಂಟು ಊರಿಗೂ ಹೋದೆ. ಒಬ್ಬ ಅಧ್ಯಕ್ಷರು ನನ್ನನ್ನು ಮೂರು ಸಲ ವಾಪಸ್ ಕಳಿಸಿದರು, ಇನ್ನೊಬ್ಬರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಅರ್ಧ ಗಂಟೆ ತಲೆದೂಗಿದರು, ಸರಿಮಾಡುವ ಧೈರ್ಯ ನನಗೆ ಬರಲಿಲ್ಲ. ಮತ್ತೊಂದೂರಿನಲ್ಲಿ ಸಹಿ ಬೀಳುವ ಹೊತ್ತಿಗೆ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಬರಿಗಾಲಲ್ಲಿ ಬಸ್ಸು ಹತ್ತಿದೆ. ಒಂಬತ್ತನೇ ಊರು ಬಂದಾಗ ಸಾಹೇಬರು ಕೇಳಿದರು, "ಇದೇನಾಯ್ತು?" ನಾನು ಪಟ್ಟಿಯಲ್ಲಿ ಗುರುತು ಹಾಕುತ್ತಲೇ, "ಅಲ್ಲಿ ನಮ್ ತಮ್ಮನೇ ಇದಾನೆ ಸಾರ್" ಎಂದೆ. ಅಷ್ಟೇ. ನಿನಗೆ ಒಂದು ಸಾಲು ಬರೆಯಲಿಲ್ಲ, ನಕ್ಷೆ ಕಳಿಸಲಿಲ್ಲ, ಬಾಗಿಲಿಗೆ ಬರಲಿಲ್ಲ.

ಅಮ್ಮ ಹೇಳುತ್ತಿದ್ದುದು ನಿನಗೂ ನೆನಪಿರಬೇಕು. "ಮನೆಯವರನ್ನ ಬನ್ನಿ ಅಂತ ಕರೆದ್ರೆ ಹೊರಗಿನವರು ಅಂದ ಹಾಗಾಗುತ್ತೆ." ನಾವು ಬೆಳೆದದ್ದೇ ಹಾಗೆ. ನೀನು ಹೊಸ ಮನೆ ಕಟ್ಟಿದಾಗ ನನ್ನನ್ನು ಕರೆದೆಯಾ? ಇಲ್ಲ. ನಾನು ಎರಡು ದಿನ ಮೊದಲೇ ಬಂದು, ಸೀರೆ ಎತ್ತಿ ಕಟ್ಟಿ, ಹಿಂದಿನ ಕೋಣೆಯ ಗೋಡೆಗೆ ಬಣ್ಣ ಬಳಿಯುತ್ತಾ ನಿಂತಿದ್ದೆ. ನೀನು ಬಾಗಿಲಲ್ಲಿ ನಿಂತು, ಮೂಲೆ ಬಿಟ್ಟುಹೋಗಿದೆ ನೋಡು ಎಂದಿದ್ದೆ, ಬಾ ಅಕ್ಕಾ ಎನ್ನಲಿಲ್ಲ. ಆ ಲೆಕ್ಕದಲ್ಲೇ ನಾನಿದ್ದೆ. ಆದರೆ ಇದು ಮನೆಯ ಕೆಲಸವಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಎಂಟು ಅಧ್ಯಕ್ಷರಿಗೆ ಮರ್ಯಾದೆಯ ಕಾಗದ ಹೋಗಿದೆ, ನಮ್ಮ ಅಧ್ಯಕ್ಷರಿಗೆ ಯಾಕಿಲ್ಲ ಎಂದು ನಿನ್ನ ಸಭೆಯಲ್ಲಿ ಯಾರೋ ಕೇಳಿದರಂತೆ, ಎಲ್ಲರೂ ನಕ್ಕರಂತೆ. ನೀನು ಮಾವನ ಹತ್ತಿರ, "ಎಂಟೂರಿಗೆ ಕಾಲು ಸವೆಸಿದೋಳಿಗೆ ಒಂಬತ್ತನೇ ಊರಿನ ದಾರಿ ಮರೆತುಹೋಯ್ತಾ" ಎಂದೆಯಂತೆ. ಮಾತು ಚುಚ್ಚಿತು, ಯಾಕೆಂದರೆ ನಿಜ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಅದಕ್ಕಿಂತ ಕೆಟ್ಟದ್ದು ಮಾಡಿದೆ, ಹಿತ್ತಲಲ್ಲಿದೆಯಲ್ಲ ಎಂದು ನೀರೇ ಹಾಕಲಿಲ್ಲ. ಆಮೇಲೆ, ಒಂಬತ್ತನೇ ಪತ್ರ ಎಲ್ಲಿ ಎಂದು ಸಾಹೇಬರು ಫೋನಿನಲ್ಲಿ ವಿಚಾರಿಸಿದ್ದಕ್ಕೆ, ನಿನ್ನ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂತು, ಈ ವಿಷಯದಲ್ಲಿ ನಮಗೆ ಯಾವ ಕೋರಿಕೆಯೂ ಬಂದಿಲ್ಲ, ಆದ್ದರಿಂದ ವಿಷಯ ಸಭೆಯ ಮುಂದಿಲ್ಲ ಎಂದು. ಕೆಳಗಿದ್ದ ನಿನ್ನ ಸಹಿಯನ್ನು ಎಷ್ಟೋ ಹೊತ್ತು ನೋಡಿದೆ. ಆ ಅಕ್ಷರ ತಿದ್ದಿಸಿದವಳು ನಾನು.

ಕೋಪ ಒಂದೇ ಅಲ್ಲ, ಬೇರೆ ಕಾರಣವೂ ನಿನಗಿದೆ ಎಂದು ಗೊತ್ತು. ಬಸ್ಸು ಹತ್ತಿ ಇಳಿಯುವುದು ಸಲೀಸಾದರೆ ಜನ ಸಣ್ಣಪುಟ್ಟ ಸಾಮಾನಿಗೂ ಪೇಟೆಗೇ ಹೋಗುತ್ತಾರೆ, ನಮ್ಮ ಬಾಗಿಲು ಮುಚ್ಚುತ್ತದೆ ಎಂದು ನಿನ್ನ ಅಂಗಡಿಯವರು ಹೆದರಿದ್ದಾರೆ. ಆ ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನಿನ್ನೂರಿನ ನರ್ಸಮ್ಮಂದಿರು, ಗಾರೆ ಕೆಲಸದವರು, ಕಾಲೇಜಿನ ಹುಡುಗಿಯರು ಈಗಲೂ ದಿನಾ ಇಲ್ಲಿಗೆ ಬರುತ್ತಿದ್ದಾರೆ. ರೈಲಿಗೂ ಬಸ್ಸಿಗೂ ನಡುವೆ ಆ ಆರು ಸಾಲಿನ ರಸ್ತೆಯನ್ನು ಜೀವ ಅಂಗೈಯಲ್ಲಿ ಹಿಡಿದು ದಾಟುತ್ತಿದ್ದಾರೆ. ಅವರ ಪರವಾಗಿ ನಾನು ಇನ್ನೂ ಎರಡು ಹಾಳೆ ಬರೆಯಬಲ್ಲೆ, ಎಂಟು ಊರಿನಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿದೆ. ಆದರೆ ತಮ್ಮಾ, ಇವತ್ತು ನಾನು ಅವರ ಪರವಾಗಿ ಬರೆಯುತ್ತಿಲ್ಲ. ಅಪ್ಪನ ಪರವಾಗಿ ಬರೆಯುತ್ತಿದ್ದೇನೆ.

ಅಪ್ಪನಿಗೆ ಸ್ವಲ್ಪ ಮರೆವು ಎಂದು ನಿನಗೆ ಹೇಳಿದ್ದೆ. ಸ್ವಲ್ಪ ಎಂದದ್ದು ನಿನ್ನನ್ನು ಹೆದರಿಸಬಾರದೆಂದು. ಅವರು ಇಲ್ಲಿನ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದ ದಿನಗಳನ್ನು ನೆನೆಸಿಕೋ. ಟ್ರಿಪ್ ಶೀಟಿನ ಮೇಲೆ ಅವರ ಸಹಿ ಬೀಳದೆ ಯಾವ ಬಸ್ಸೂ ಹೊರಡುವಂತಿರಲಿಲ್ಲ. ನೀನು ಹಾಸ್ಟೆಲಿನಿಂದ ಶನಿವಾರ ಸಂಜೆ ಐದೂ ನಲವತ್ತರ ರೈಲಿಗೆ ಬರುತ್ತಿದ್ದೆ, ನಮ್ಮೂರಿನ ಕೊನೇ ಬಸ್ಸು ಐದೂ ನಲವತ್ತೈದಕ್ಕೆ. ರೈಲು ಯಾವತ್ತು ಹೇಳಿದ ಹೊತ್ತಿಗೆ ಬಂದಿದೆ? ಅಪ್ಪ ಪೆನ್ನು ಝಾಡಿಸುತ್ತಾ, ಇಂಕು ಬರ್ತಿಲ್ಲ ಎನ್ನುತ್ತಾ ನಿಲ್ಲುತ್ತಿದ್ದರು. ಡ್ರೈವರು ತನ್ನ ಪೆನ್ನು ಕೊಡಲು ಬಂದರೆ, "ಇನ್ನೊಬ್ಬರ ಪೆನ್ನಲ್ಲಿ ಸಹಿ ಹಾಕೋ ಹಾಗಿಲ್ಲಪ್ಪ" ಎನ್ನುತ್ತಿದ್ದರು. ನೀನು ಚೀಲ ಬಡಿದಾಡಿಸಿಕೊಂಡು ರಸ್ತೆ ದಾಟಿ ಓಡಿ ಬರುವುದು ಕಂಡದ್ದೇ ತಡ, ಇಂಕು ತಾನಾಗಿ ಇಳಿಯುತ್ತಿತ್ತು. ಗಡಿಬಿಡಿರಾಯ ಬಂದ ಎಂದು ಇಡೀ ಬಸ್ಸು ನಗುತ್ತಿತ್ತು. ಈಗ ಸಹಿಯೂ ಇಲ್ಲ, ಟೈಮ್‌ಕೀಪರೂ ಇಲ್ಲ. ಪರದೆಯ ಮೇಲೆ ಹೊತ್ತು ಬಂದರೆ ಬಸ್ಸು ಹೊರಟಿತು, ಯಾರು ಓಡಿ ಬರುತ್ತಿದ್ದಾರೆಂದು ಪರದೆಗೇನು ಗೊತ್ತು.

ಅಪ್ಪನಿಗೆ ಈಗ ದಿನವೂ ಶನಿವಾರ. ಸಂಜೆ ಐದಕ್ಕೆ ಬಿಳಿ ಶರ್ಟು ಹಾಕಿ, ಜೇಬಿಗೆ ಅದೇ ಪೆನ್ನು ಸಿಕ್ಕಿಸಿ ಹೊರಟುಬಿಡುತ್ತಾರೆ. ರೈಲಿನಿಂದ ಇಳಿದವರನ್ನೆಲ್ಲ ಗುಂಪು ಕಟ್ಟಿಕೊಂಡು, ಕೈ ಎತ್ತಿ ರಸ್ತೆಯ ನಡುವೆ ನಿಂತು, ಅವರನ್ನು ಬಸ್ಸಿನ ಕಡೆ ದಾಟಿಸುತ್ತಾರೆ. ಮೊದಮೊದಲು ಜನ ಪುಣ್ಯಾತ್ಮ ಎಂದು ಹೊಗಳಿದರು, ನನಗೂ ಒಳಗೊಳಗೆ ಹೆಮ್ಮೆಯಿತ್ತು. ಜನ ಮುಗಿದ ಮೇಲೂ ಅವರು ರಸ್ತೆ ಬಿಟ್ಟು ಬರುವುದಿಲ್ಲ. ನೀನು ಇನ್ನೂ ಬಂದಿಲ್ಲವಲ್ಲ. ಹೋದ ವಾರ ಹೆಂಚು ತುಂಬಿದ ಲಾರಿಗೆ ಅಡ್ಡ ನಿಂತರು. ಲಾರಿ ನಿಂತದ್ದು ಅವರಿಂದ ಒಂದು ಮೊಳ ದೂರದಲ್ಲಿ, ಅರ್ಧ ಹೆಂಚು ರಸ್ತೆಗೆ ಬಿತ್ತು, ಒಂದು ಚೂರು ಸಿಡಿದು ಮೊಣಕೈಗೆ ಐದು ಹೊಲಿಗೆ. ನಾನು ಓಡಿಹೋಗುವಷ್ಟರಲ್ಲಿ ಡ್ರೈವರು ನೆಲದ ಮೇಲೆ ಕೂತುಬಿಟ್ಟಿದ್ದ. ಅಪ್ಪ ಅವನ ಮುಂದೆ ನಿಂತು, ರಕ್ತ ಸುರಿಯುವ ಕೈ ಚಾಚಿ, "ಟ್ರಿಪ್ ಶೀಟ್ ಎಲ್ಲಿ?" ಎಂದು ಗದರುತ್ತಿದ್ದರು. ನನಗೆ ನಗು ಬಂತು, ತಮ್ಮಾ. ಅಲ್ಲೇ ನಿಂತು ನಕ್ಕು, ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅತ್ತೆ.

ಬೀಗ ಹಾಕು ಎನ್ನುತ್ತೀಯ. ಹಾಕಿದೆ. ಅಂಗೈ ಊದುವವರೆಗೂ ಬಾಗಿಲು ಬಡಿದರು. "ತೆಗಿಯಮ್ಮಾ, ಮಗು ಇಳಿದಿರುತ್ತೆ, ಬಸ್ಸು ಹೋಗಿಬಿಡುತ್ತೆ" ಎಂದು ನನಗೇ ಕೈಮುಗಿದರು. ನಮ್ಮಪ್ಪ ನನಗೆ ಕೈಮುಗಿಯುವುದನ್ನು ನೋಡಿಕೊಂಡು ಬಾಗಿಲ ಈಚೆ ನಿಲ್ಲುವ ಶಕ್ತಿ ನನಗಿಲ್ಲ. ಪಕ್ಕದ ಮನೆಯ ಟೈಲರಮ್ಮ ಎಷ್ಟು ದಿನ ಮಿಷನ್ ಬಿಟ್ಟು ಅವರ ಹಿಂದೆ ಓಡಾಳು? ಮಾತ್ರೆ ಕೊಟ್ಟ ಡಾಕ್ಟರು, ಅವರು ಹೋಗುವ ಜಾಗವನ್ನೇ ಸುರಕ್ಷಿತ ಮಾಡಿ, ಹೋಗುವುದನ್ನು ತಪ್ಪಿಸಲಾಗದು ಎಂದರು. ಜಾಗವನ್ನು ಸುರಕ್ಷಿತ ಮಾಡುವ ಕಾಗದ ನನ್ನ ಮೇಜಿನ ಮೇಲೇ ಇದೆ. ದೊಡ್ಡ ಕಟ್ಟಡ ಏಳಲು ವರ್ಷಗಳೇ ಬೇಕು, ಆದರೆ ಒಂಬತ್ತು ಪತ್ರ ಸೇರಿದ ತಿಂಗಳೊಳಗೆ ಊರೂರಿನ ಬಸ್ಸುಗಳು ರೈಲು ನಿಲ್ದಾಣದ ಹಳೇ ಗೂಡ್ಸ್ ಅಂಗಳಕ್ಕೆ ಬರುತ್ತವೆ. ಅದೇ ಮೊದಲ ಕೆಲಸ. ಅಂಗಳ ಇರುವುದು ನಮ್ಮ ಮನೆಯ ಕಡೆಗೇ. ರೈಲಿಗೂ ಬಸ್ಸಿಗೂ ನಡುವೆ ಆಗ ರಸ್ತೆಯೇ ಇರುವುದಿಲ್ಲ. ಅಪ್ಪ ಬೇಕಾದಷ್ಟು ಹೊತ್ತು ಕೈ ಎತ್ತಿ ನಿಂತಿರಲಿ. ಎಂಟು ಊರು ಅಲೆದಾಗ ಇದು ಊರಿನ ಕೆಲಸ ಎಂದುಕೊಂಡಿದ್ದೆ. ಈಗ ಸ್ವಾರ್ಥ ಎಂದು ಯಾರಾದರೂ ಅಂದರೆ ಅನ್ನಲಿ.

ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಮಾನ್ಯ ಅಧ್ಯಕ್ಷರೇ ಎಂದು ಶುರುವಾಗುತ್ತದೆ, ತಮ್ಮ ಘನ ಸಭೆಯ ಬೆಂಬಲವನ್ನು ವಿನಂತಿಸುತ್ತೇವೆ ಎಂದು ಮುಗಿಯುತ್ತದೆ. ನಿನ್ನ ಮೂಗು ಒರೆಸಿದ ಕೈಯಲ್ಲೇ ಟೈಪ್ ಮಾಡಿದೆ, ನಗಲಿಲ್ಲ, ಪ್ರತಿ ಪದವನ್ನೂ ಮನಸ್ಸಿಟ್ಟು ಹೊಡೆದೆ. ನಕ್ಷೆಯೂ ಇದೆ. ಇದನ್ನು ನಿನ್ನವರ ಮುಂದೆ ಗಟ್ಟಿಯಾಗಿ ಓದು, ಕರೆ ತಡವಾಗಿ ಬಂತು, ಆದರೂ ಬಂತು ಎಂದು ಹೇಳು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನನ್ನನ್ನೇ ಆಡಿಕೊಳ್ಳಿ. ಅಂಗಡಿಯವರಿಗೆ ಬೇಕಾದ ಷರತ್ತು ಬರೆದು ಸೇರಿಸು, ನಿಮ್ಮೂರಿನ ಪೇಟೆ ಬೀದಿಯ ನಿಲುಗಡೆ ಉಳಿಸಬೇಕು ಎಂದು ಸೇರಿಸು, ಅದಕ್ಕಾಗಿ ನಾನು ಸಾಹೇಬರ ಹತ್ತಿರ ಜಗಳವಾಡುತ್ತೇನೆ. ಇಲ್ಲ ಎನ್ನುವುದಾದರೂ ವಿಷಯ ಕೇಳಿ ಇಲ್ಲ ಎನ್ನು, ನನ್ನ ಮೇಲಿನ ಕೋಪಕ್ಕೆ ಇಲ್ಲ ಎನ್ನಬೇಡ. ಏಳೂವರೆಯ ಬಸ್ಸಿನ ಉದ್ದನೆಯ ಕಂಡಕ್ಟರ ಕೈಗೆ ಈ ಲಕೋಟೆ ಕೊಡುತ್ತೇನೆ, ಒಂಬತ್ತಕ್ಕೆ ನಿನ್ನ ಕೈ ಸೇರುತ್ತದೆ. ನಾನೇ ಬರಬೇಕಿತ್ತು. ಆದರೆ ಮೇಲಿನ ಕಚೇರಿಯವರು ಹತ್ತಕ್ಕೇ ಕಡತ ನೋಡಲು ಬರುತ್ತಾರೆ, ಎದುರಿಗೆ ನಾನಿಲ್ಲದಿದ್ದರೆ ಉಳಿದ ಎಂಟೂ ವಾಪಸ್ಸಾಗುತ್ತವೆ.

ನಿನಗೂ ಮನೆಯವರಿಗೂ ಒಳ್ಳೆಯದಾಗಲಿ. ಮಗಳ ತಂತಿಯ ಹಲ್ಲಿಗೆ ಅತ್ತೆಯ ಒಂದು ಮುತ್ತು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು, ಮುಲಾಮು ಸಾಲದು.

ನಿನ್ನನ್ನು ಕರೆಯಲು ಮರೆತ,
ಅಕ್ಕ

ಮರೆತ ಮಾತು: ಬಸ್ಸಿನ ಪಕ್ಕ ನಿಂತು, ಲಕೋಟೆಯನ್ನು ಮತ್ತೆ ಬಿಡಿಸಿ ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಬೆಳಿಗ್ಗೆ ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡಿದ್ದೆ, ಅಪ್ಪ ಎದ್ದಿದ್ದಾರೆಂದು ಗೊತ್ತಿರಲಿಲ್ಲ. ಬಿಳಿ ಶರ್ಟು ಹಾಕಿ ನನ್ನ ಹಿಂದೆಯೇ ಬಂದರು. ಅವರೇ ಕೈ ಎತ್ತಿ ನನ್ನನ್ನು ರಸ್ತೆ ದಾಟಿಸಿದರು. ಈಗ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದಾರೆ, ಇಳಿಯುವುದಿಲ್ಲ. "ಮಗೂನ ನಾನೇ ಕರ್ಕೊಂಡು ಬರ್ತೀನಿ, ಅಲ್ಲೀತನಕ ನೀನು ಸಹಿ ಹಾಕಬೇಡ" ಎಂದು ಪೆನ್ನನ್ನು ನನ್ನ ಕೈಗೆ ಕೊಟ್ಟರು. ಈ ಸಾಲುಗಳು ಅದರಿಂದಲೇ ಬರೆದದ್ದು, ಇಂಕು ಚೆನ್ನಾಗಿಯೇ ಬರುತ್ತಿದೆ. ಕಂಡಕ್ಟರು, ನಾನಿದೀನಿ ಬಿಡಿ, ಕೈಗೇ ಒಪ್ಪಿಸ್ತೀನಿ ಎನ್ನುತ್ತಿದ್ದಾರೆ. ಹಾಗಾಗಿ ಈ ಪತ್ರ ತಂದವರು ಅಪ್ಪನೇ. ನಿನ್ನ ಗುರುತು ಹಿಡಿಯದೆ ನಿನ್ನನ್ನೇ, ನನ್ನ ಮಗನ್ನ ಕಂಡಿರಾ ಎಂದು ಕೇಳಬಹುದು. ಎದೆ ಒಡೆದುಕೊಳ್ಳಬೇಡ, ಮೊದಲು ಕುಡಿಯಲು ನೀರು ಕೊಡು. ಸಭೆ ಏನಾದರೂ ಹೇಳಲಿ, ಪತ್ರ ಬರಲಿ ಬಿಡಲಿ, ಅವರನ್ನು ಮಾತ್ರ ಒಬ್ಬರನ್ನೇ ಬಸ್ಸು ಹತ್ತಿಸಬೇಡ, ನೀನೂ ಬಾ. ಇಲ್ಲಿ ಇಳಿದ ಮೇಲೆ ಮನೆಗೆ ಇನ್ನೂ ಆ ರಸ್ತೆ ದಾಟಬೇಕು.