ಇಪ್ಪತ್ತೆರಡು ಗಂಟೆ ತಿರುಗಿದ ಕರಿ ಪುಡಿ

ಪ್ರಯೋಗಾಲಯದಿಂದ,
ಮಂಗಳವಾರ ಸಂಜೆ

ನನ್ನ ಪುಟ್ಟಿಗೆ (ನಿನಗೀಗ ಒಂದು ಪುಟ್ಟಿ ಇದ್ದರೂ ನನಗೆ ನೀನೇ ಪುಟ್ಟಿ),

ಮೂರು ವಾರದಿಂದ ಫೋನಿನಲ್ಲಿ ಎರಡೇ ಮಾತಾಡಿ ಇಡುತ್ತೇನೆಂದು ನೀನು ಮುಖ ಊದಿಸಿಕೊಂಡಿದ್ದೀಯಂತೆ, ನಿನ್ನ ಅಪ್ಪ ಹೇಳಿದರು. ಕೋಪ ಬೇಡ ಕಣೇ. ಐವತ್ತಮೂರನೇ ವಯಸ್ಸಿನಲ್ಲಿ ಪಿಎಚ್‌ಡಿ ಮಾಡುತ್ತೇನೆಂದು ಹೊರಟವಳು ಸುಳ್ಳು ಫಲಿತಾಂಶ ಬರೆದವಳು ಅನ್ನಿಸಿಕೊಂಡು ಮನೆಗೆ ಬರುವ ಹಾಗಿತ್ತು.

ನನ್ನ ಕೆಲಸ ಗೊತ್ತಲ್ಲ, ಸೂಪರ್‌ಕೆಪಾಸಿಟರ್. ಬ್ಯಾಟರಿಯಷ್ಟು ವಿದ್ಯುತ್ ಹಿಡಿಸುವುದಿಲ್ಲ, ಆದರೆ ನಿಮಿಷದೊಳಗೆ ತುಂಬುತ್ತದೆ. ಇನ್ನಷ್ಟು ಹಿಡಿಸಲೆಂದು, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಇಂಗಾಲದ ಕೊಳವೆಗಳಿಗೆ ಮ್ಯಾಂಗನೀಸ್ ಆಕ್ಸೈಡಿನ ಲೇಪ ಕೊಡುತ್ತೇನೆ. ಕರಿ ಪುಡಿಯನ್ನು ದ್ರಾವಣದಲ್ಲಿ ಆರು ಗಂಟೆ ಕಲಕು, ಸೋಸು, ತೊಳೆ, ಒಣಗಿಸು, ಅಷ್ಟೇ. ನಿನ್ನ ಹೆರಿಗೆಯ ವಾರ ಮಾಡಿದ ಪುಡಿ ಹತ್ತು ಸಾವಿರ ಸಲ ಚಾರ್ಜ್ ಮಾಡಿದರೂ ಜಗ್ಗಲಿಲ್ಲ. ನನ್ನ ಗೈಡ್ ಅದನ್ನು ಊರಿಗೆಲ್ಲ ತೋರಿಸಿ, ಪತ್ರಿಕೆಯೊಂದಕ್ಕೆ ಪ್ರಬಂಧವನ್ನೂ ಕಳಿಸಿದರು. ಆಮೇಲೆ ಒಂಬತ್ತು ಸಲ ಮಾಡಿದೆ, ಒಂಬತ್ತೂ ಮಕಾಡೆ ಮಲಗಿದವು.

ಗೈಡ್ ನಿನಗಿಂತ ನಾಲ್ಕೇ ವರ್ಷ ದೊಡ್ಡವರು. ಕೋಣೆಗೆ ಕರೆದು, ಮೇಡಂ, ಬೇಜಾರ್ ಮಾಡ್ಕೋಬೇಡಿ, ಆ ಅಂಕಿ ನಿಜವಾಗ್ಲೂ ಮಿಷನ್ನೇ ಕೊಟ್ಟಿದ್ದಾ, ತಿಂಗಳ ಕೊನೆಯೊಳಗೆ ಇನ್ನೊಂದ್ಸಲ ಬರದಿದ್ರೆ ಪ್ರಬಂಧ ವಾಪಸ್ ತಗೋಬೇಕಾಗುತ್ತೆ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಉರಿ ಇಳಿದ ಮೇಲೆ ಹೊಳೆಯಿತು. ಅಂಕಿ ನಿಜ, ಸುಳ್ಳು ಇದ್ದದ್ದು ನನ್ನ ನೋಟ್‌ಬುಕ್ಕಿನಲ್ಲಿ. ಅಂದು ಆರು ಗಂಟೆ ಮುಗಿಯುವ ಹೊತ್ತಿಗೆ ಸರಿಯಾಗಿ ನಿನಗೆ ನೋವು ಶುರುವಾಯಿತೆಂದು ಅಳಿಯಂದಿರ ಫೋನ್ ಬಂತು, ಓಡಿ ಬಂದೆ. ಮರುದಿನ ಮೊಮ್ಮಗಳ ಮುಖ ನೋಡಿ ವಾಪಸ್ ಹೋದಾಗ ಕಲಕುವ ಯಂತ್ರ ಇನ್ನೂ ತಿರುಗುತ್ತಲೇ ಇತ್ತು. ಮನೆಯ ತಾಪತ್ರಯ ಇಲ್ಲಿಗೆ ತರುವುದಿಲ್ಲ ಎಂದು ಸೇರುವಾಗ ಜಂಬ ಕೊಚ್ಚಿದ್ದೆನಲ್ಲ, ಹಾಗಾಗಿ ಏನೂ ಆಗದವಳಂತೆ ಆರು ಗಂಟೆ ಎಂದೇ ಬರೆದಿಟ್ಟೆ. ಹೆಚ್ಚು ಹೊತ್ತು ತಿರುಗಿದರೆ ಪುಡಿ ಕೆಡುತ್ತದೆಂದೇ ನಾವೆಲ್ಲ ನಂಬಿದ್ದರಿಂದ, ನನ್ನ ಯೋಚನೆ ಆ ಕಡೆ ಹೋಗಿರಲಿಲ್ಲ.

ನಿಜವನ್ನು ಉಳಿಸಿಕೊಳ್ಳಲು ಸುಳ್ಳನ್ನು ಒಪ್ಪಿಕೊಳ್ಳಬೇಕಾಯಿತು. ಗೈಡ್ ಹತ್ತಿರ ಹೋಗಿ, ಗಡಿಬಿಡಿಯಲ್ಲಿ ಯಂತ್ರ ಆರಿಸಲು ಮರೆತೆ ಎಂದೆ. ಎಷ್ಟು ಹೊತ್ತು ತಿರುಗಿತು ಎಂದು ಕೇಳಿದರು. ನಿನ್ನ ನೋವಿನ ಗಂಟೆ, ನನ್ನ ಬಸ್ಸಿನ ಗಂಟೆ ಎಲ್ಲ ಬೆರಳಲ್ಲಿ ಎಣಿಸಿ, ಇಪ್ಪತ್ತೆರಡು ಎಂದೆ. ಮೊದಲು ಚೆನ್ನಾಗಿ ಬೈದರು, ಆಮೇಲೆ ಮಗು ಯಾರ ಹಾಗಿದೆ ಎಂದು ವಿಚಾರಿಸಿದರು. ಇಬ್ಬರೂ ಸೇರಿ ಇಪ್ಪತ್ತೆರಡು ಗಂಟೆ ಕಲಕಿಟ್ಟೆವು.

ಇವತ್ತು ಮಧ್ಯಾಹ್ನ ಫಲಿತಾಂಶ ಬಂತು ಪುಟ್ಟೀ, ಮೊದಲಿನದಕ್ಕಿಂತ ಒಂದು ಕೈ ಮೇಲು. ಲೇಪ ಕೊಳವೆಗಳ ಮೈತುಂಬ ಸಮನಾಗಿ ಕೂರಲು ಅಷ್ಟು ಹೊತ್ತು ಬೇಕಿತ್ತು. ಗೈಡ್ ನನ್ನನ್ನು ಹಿಡಿದುಕೊಂಡು ಕುಣಿದರು. ನನ್ನ ಮಂಡಿ ಇನ್ನೂ ನೋಯುತ್ತಿದೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ತಲೆ ಎತ್ತಿಕೊಂಡು ಓಡಾಡುತ್ತಿರುವ
ನಿನ್ನ ಅಮ್ಮ

ತಾ.ಕ.: ಮರೆತೆ ಎಂದು ಗೈಡ್‌ಗೆ ಹೇಳಿದ್ದೂ ಸುಳ್ಳೇ. ನಿನ್ನೊಬ್ಬಳಿಗೆ ಹೇಳುತ್ತೇನೆ, ನಿನ್ನಲ್ಲೇ ಇರಲಿ. ಫೋನ್ ಬಂದಾಗ ನನ್ನ ಕೈ ಸ್ವಿಚ್ಚಿನ ಮೇಲೇ ಇತ್ತು. ಆರಿಸಿದರೆ ಸೋಸಿ ತೊಳೆದಿಡಲು ಮುಕ್ಕಾಲು ಗಂಟೆ ಬೇಕಿತ್ತು. ಪುಡಿ ಹಾಳಾದರೆ ಹಾಳಾಗಲಿ ಎಂದು ಕೈ ತೆಗೆದು ನಿನ್ನ ಹತ್ತಿರ ಓಡಿ ಬಂದೆ.