ಶನಿವಾರದ ಓವರ್‌ಟೈಮ್

ಅಪ್ಪಾ,

ಪ್ರೆಸ್ಸಿನಲ್ಲಿ ಕರಡು ತಿದ್ದುವುದಿದೆ, ಶನಿವಾರ ಓವರ್‌ಟೈಮ್ ಎನ್ನುತ್ತಿದ್ದಿರಲ್ಲ, ನೀವು ಸಾಯುವವರೆಗೂ ನಾನದನ್ನು ನಂಬಲಿಲ್ಲ. ಯಾವಳೋ ಇದ್ದಾಳೆ ಎಂದು ಅಮ್ಮನ ತಲೆಗೆ ಹುಳ ಬಿಟ್ಟವಳೂ ನಾನೇ.

ಕೆಲಸದಲ್ಲಿರುವವರಿಗೆಂದು ಶನಿವಾರ ನಡೆಸುವ ಕಥೊಲಿಕ ದೈವಶಾಸ್ತ್ರದ ಎಂ.ಎ.ಗೆ, ಮನೆಯಲ್ಲಿ ಯಾರಿಗೂ ಹೇಳದೆ ಸೇರಿದ್ದೇನೆ. ಇವತ್ತು ಅಲ್ಲಿನ ಲೈಬ್ರರಿಯಲ್ಲಿ ಪಾದ್ರಿಯ ಮುಂದೆ ಮಾಡುವ ಪಾಪನಿವೇದನೆಯ ಕುರಿತ ಪುಸ್ತಕ ತೆರೆದರೆ, ಅಂಚಿನ ತುಂಬ ಕೆಂಪು ಪೆನ್ಸಿಲ್ಲಿನ ತಿದ್ದುಪಡಿ. ನಿಮ್ಮದೇ ಕೈಬರಹ.

"ಇದನ್ನ ತಿದ್ದಿದವ್ರು ಒಬ್ರೇ ಬರ್ತಿದ್ರಾ?" ಎಂದು ಲೈಬ್ರರಿಯ ಸಿಸ್ಟರಿಗೆ ಆ ಅಂಚು ತೋರಿಸಿ ಕೇಳಿದೆ. ಆಗಲೂ ಅನುಮಾನ, ನೋಡಿ!

"ಒಬ್ರೇ. ಪುಸ್ತಕ ತಿದ್ದಬೇಡಿ ಅಂದ್ರೂ ಕೇಳ್ತಿರ್ಲಿಲ್ಲ. ಶನಿವಾರದ ಕ್ಲಾಸು ಒಂದೂ ಬಿಡ್ಲಿಲ್ಲ, ಪರೀಕ್ಷೆ ಮಾತ್ರ ಬರೀಲಿಲ್ಲ. ಫೇಲಾದ್ರೆ ಮಗಳು ನಗ್ತಾಳೆ ಅಂತಿದ್ರು."

ಮನೆಗೆ ಬಂದರೆ ನನ್ನ ಮಗಳು ಬಾಗಿಲಲ್ಲೇ ನಿಂತಿದ್ದಳು. "ಎಲ್ಲಿಗೆ ಹೋಗಿದ್ದೆ?"

"ಓವರ್‌ಟೈಮ್" ಎಂದೆ.

ಆ ಮಾತಿಗೆ ಒಳಗಿದ್ದ ಅಮ್ಮ ತಟ್ಟನೆ ತಲೆಯೆತ್ತಿದಳು.